ಗೋಡೆ ಒದ್ದೆಯಾದರೆ ಏಣಿ ತನ್ನಿ

ಬಿಸು ಕಳೆಯಿತು. ಪತ್ತನಾಜೆಗೆ ಇನ್ನು ನಾಲ್ಕೈದು ವಾರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಈಗ ಎಲ್ಲರಿಗೂ ಗಡಿಬಿಡಿ. ಕಟ್ಟಿಗೆ ಒಳಗೆ ಸೇರಬೇಕು, ಹಲಸಿನ ಹಪ್ಪಳ ಒಣಗಬೇಕು, ಅಡಿಕೆಗೆ ಮದ್ದು ಬಿಡುವವರನ್ನು ಗೊತ್ತು ಮಾಡಿಕೊಳ್ಳಬೇಕು. ಹಳೆಯ ಹಂಚಿನ ಮನೆಯವರಿಗೆ ಇದರ ಮೇಲೆ ಇನ್ನೊಂದು ಕೆಲಸ. ಮಾಡು ನೋಡಿಸಬೇಕು, ದಂಬೆ ನೋಡಿಸಬೇಕು, ಕಳೆದ ಮಳೆಗಾಲದಲ್ಲಿ ಬಿರಿದ ಗೋಡೆಗೆ ಏನಾದರೂ ದಾರಿ ಕಾಣಿಸಬೇಕು. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆ.

ನಾನು ಇಂಜಿನಿಯರ್ ಅಲ್ಲ. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಆದರೆ ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಜ್ಜ ಕಟ್ಟಿಸಿದ ಮನೆಯನ್ನು ಮೂವತ್ತಕ್ಕೂ ಹೆಚ್ಚು ಮಳೆಗಾಲ ದಾಟಿಸಿದ್ದೇನೆ. ಆ ಮನೆ ನನಗೆ ಕಲಿಸಿದ್ದನ್ನು, ಅದಕ್ಕಿಂತಲೂ ಹೆಚ್ಚಾಗಿ ಒಬ್ಬ ಹಿರಿಯ ಮೇಸ್ತ್ರಿಗಳು ಕಲಿಸಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮುರಕಲ್ಲಿನ ಗೋಡೆ. ಕಲ್ಲಿನ ನಡುವೆ ಕಲಸಿದ ಮಣ್ಣು, ಮೇಲೆ ಸುಣ್ಣದ ಸಾರಣೆ. ಕಿರಾಲ್ಬೋಗಿಯ ತೊಲೆ, ಹಲಸಿನ ಪಕ್ಕಾಸು, ಮಂಗಳೂರು ಹಂಚು. ನಮ್ಮ ಊರಿನ ನೂರಾರು ಮನೆಗಳ ಹಾಗೆಯೇ ಇದೂ ಒಂದು. ಕೆಲವು ವರ್ಷಗಳ ಹಿಂದೆ ಚಾವಡಿಯ ಪಡುಗೋಡೆಯಲ್ಲಿ ಒಂದು ಬಿರುಕು ಕಾಣಿಸಿತು. ಮಾಡಿನ ಬುಡದಲ್ಲಿ ಹುಟ್ಟಿ, ಕಲ್ಲಿನ ಸಂದುಗಳನ್ನು ಹಿಡಿದುಕೊಂಡು, ಮೆಟ್ಟಿಲು ಇಳಿದ ಹಾಗೆ ಕಿಟಕಿಯ ತಲೆಯವರೆಗೆ ಬಂದಿತ್ತು. ಪಕ್ಕದಲ್ಲಿ ಅಂಗೈಯಗಲದ ಒದ್ದೆ ಕಲೆ. ಪೇಟೆಯಿಂದ ಒಬ್ಬರನ್ನು ಕರೆಸಿದೆ. ಅವರು ಬಿರುಕನ್ನು ಸ್ವಲ್ಪ ಕೆತ್ತಿ ಸಿಮೆಂಟು ತುಂಬಿದರು, ಮೇಲೆ ಬಣ್ಣ ಬಳಿದರು. ನೋಡಲು ಚೆನ್ನಾಗಿಯೇ ಇತ್ತು. ಮುಂದಿನ ಮಳೆಗಾಲ ಆಟಿಯ ಹೊತ್ತಿಗೆ ಸಿಮೆಂಟಿನ ಬದಿಯಲ್ಲೇ ಹೊಸ ಬಿರುಕು ಬಂತು. ಅದಕ್ಕೂ ಸಿಮೆಂಟಾಯಿತು. ಮೂರನೆಯ ವರ್ಷ ಬೆಳಿಗ್ಗೆ ಚಾವಡಿ ಗುಡಿಸುವಾಗ ಹಿಡಿಸೂಡಿಯ ಮುಂದೆ ಕುಂಕುಮದಂಥ ಕೆಂಪು ಪುಡಿ ಸೇರತೊಡಗಿತು. ಸಿಮೆಂಟು ಗಟ್ಟಿಯಾಗಿಯೇ ಇತ್ತು. ಉದುರುತ್ತಿದ್ದದ್ದು ಅದರ ಆಚೀಚೆಯ ಕಲ್ಲು.

ಆಗ ಬಂದವರು ಈ ಮೇಸ್ತ್ರಿಗಳು. ಎಪ್ಪತ್ತು ದಾಟಿದವರು. ಅಂಗಳಕ್ಕೆ ಬಂದು ಎಲೆಯಡಿಕೆ ತಟ್ಟೆಯ ಮುಂದೆ ಕೂತವರು ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, “ಮಾಷ್ಟ್ರೇ, ಏಣಿ ಉಂಟಾ?” ಎಂದರು.

“ಉಂಟು. ಮೊದಲು ಗೋಡೆ ನೋಡಿ ಮೇಸ್ತ್ರಿಗಳೇ” ಎಂದೆ.

“ಗೋಡೆ ಆಮೇಲೆ ನೋಡುವ. ಗೋಡೆಯದ್ದು ಎಂತದೂ ತಪ್ಪಿಲ್ಲ. ಅದಕ್ಕೆ ಮೇಲಿನಿಂದ ಯಾರೋ ನೀರು ಕುಡಿಸ್ತಾ ಇದ್ದಾರೆ. ಅದು ಯಾರು ಅಂತ ನೋಡುವ.”

ಚಾವಡಿಯ ಮಾಡೂ ಅಡುಗೆಮನೆಯ ಮಾಡೂ ಸೇರುವ ಒಳಮೂಲೆಯಲ್ಲಿ ತಗಡಿನ ದಂಬೆ ಇದೆ. ಎರಡೂ ಮಾಡಿನ ನೀರು ಅದರಲ್ಲೇ ಇಳಿಯಬೇಕು. ಮೇಸ್ತ್ರಿಗಳ ಹಿಂದೆ ನಾನೂ ಏಣಿಯ ಅರ್ಧದವರೆಗೆ ಹತ್ತಿದೆ. ದಂಬೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಹಲಸಿನ ಎಲೆ, ಅಡಿಕೆಯ ಹಿಂಗಾರದ ಚೂರು, ಇಲಿ ತಂದು ಹಾಕಿದ ಬೀಜದ ಸಿಪ್ಪೆ ಎಲ್ಲ ಕೊಳೆತು ನಾಲ್ಕು ಬೆರಳು ದಪ್ಪದ ಕಪ್ಪು ಗೊಬ್ಬರವಾಗಿತ್ತು. ಅದರಲ್ಲಿ ಜರಿಗಿಡ ಹುಟ್ಟಿತ್ತು. ಗೇಣುದ್ದದ ಗೋಳಿಯ ಸಸಿಯೂ ಇತ್ತು. ಅದರ ಬೇರು ಹಂಚಿನಡಿಗೆ ನುಗ್ಗಿ ಗೋಡೆಯ ತಲೆಗೆ ಇಳಿದಿತ್ತು. ಮೇಸ್ತ್ರಿಗಳು ಗೊಬ್ಬರವನ್ನು ಕೈಯಲ್ಲೇ ಬಾಚಿ ಕೆಳಗೆ ಹಾಕಿ, ತಗಡಿನ ಮೇಲೆ ಹೆಬ್ಬೆರಳು ಒತ್ತಿದರು. ಹಪ್ಪಳ ಮುರಿದ ಸದ್ದಾಯಿತು. ಬೆರಳು ಆಚೆ ಹೋಯಿತು. ಮೂರು ವರ್ಷ ಆ ತೂತಿನಿಂದ ಇಳಿದ ನೀರು ಗೋಡೆಯ ಹೊಟ್ಟೆಯೊಳಗೆ ಹೋಗುತ್ತಿತ್ತು. ನಾನು ಅಷ್ಟೂ ಕಾಲ ನೀರು ಹೊರಗೆ ಬರುವ ಸಂದುಗಳಿಗೆ ದುಡ್ಡು ಕೊಟ್ಟು ಸಿಮೆಂಟಿನ ಬಿರಡೆ ಹಾಕಿಸಿದ್ದೆ.

ನಾನು ಹೇಳಬೇಕಾದ ಮುಖ್ಯ ಮಾತು ಇದರಲ್ಲೇ ಬಂತು. ಹಳೆಯ ಮನೆಯ ಗೋಡೆ ಬಿರಿದರೆ ಮೊದಲು ನೀರಿನ ದಾರಿ ಹುಡುಕಿ. ದಂಬೆ ಸರಿಯಾಗುವವರೆಗೆ ಗೋಡೆಯನ್ನು ಮುಟ್ಟಬೇಡಿ.

ನೀರು ಎಂದರೆ ಎಷ್ಟು ನೀರು? ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಅಭ್ಯಾಸ, ಒಂದು ಲೆಕ್ಕ ಹಾಕುತ್ತೇನೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸಾಧಾರಣ ಹಂಚಿನ ಮನೆಯ ಮಾಡು 100 ಚದರ ಮೀಟರ್ ಎಂದಿಟ್ಟುಕೊಳ್ಳಿ. ಮಂಗಳೂರಿನ ಆಸುಪಾಸು ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ, ಘಟ್ಟದ ಬುಡದ ನಮ್ಮ ಬೆಳ್ತಂಗಡಿಯಲ್ಲಿ 4,000 ದಾಟುವುದು ಹೊಸತಲ್ಲ. ಅಂದರೆ ಒಂದು ಮಾಡಿನ ಮೇಲೆ ವರ್ಷಕ್ಕೆ ನಾಲ್ಕು ಲಕ್ಷ ಲೀಟರ್. ಅದರ ಬಹುಪಾಲು ಜೂನ್, ಜುಲೈ, ಆಗಸ್ಟ್ ಈ ಮೂರು ತಿಂಗಳಲ್ಲಿ. ಜಡಿಮಳೆಯ ಒಂದು ದಿನ 200 ಮಿಲಿಮೀಟರ್ ಸುರಿದರೆ ಆ ದಿನವೊಂದಕ್ಕೇ 20,000 ಲೀಟರ್. ಅದರಲ್ಲಿ ನೂರರಲ್ಲಿ ಒಂದು ಪಾಲು ದಾರಿ ತಪ್ಪಿದರೂ 200 ಲೀಟರ್. ಹತ್ತು ಕೊಡಪಾನಕ್ಕಿಂತ ಹೆಚ್ಚು ನೀರನ್ನು ಆ ಒಂದೇ ದಿನ ನಿಮ್ಮ ಗೋಡೆಯ ನೆತ್ತಿಗೆ ಸುರಿದಂತೆ. ಮುರಕಲ್ಲು ಎಷ್ಟು ಕುಡಿದೀತು?

ನಮ್ಮ ಹಿರಿಯರಿಗೆ ಈ ಲೆಕ್ಕ ಕಾಗದದಲ್ಲಿ ಗೊತ್ತಿರಲಿಲ್ಲ, ಕಣ್ಣಿನಲ್ಲಿ ಗೊತ್ತಿತ್ತು. ಮುಳಿಹುಲ್ಲಿನ ಮಾಡಿನ ಕಾಲದಿಂದಲೂ ಇಳಿಜಾರು ಕಡಿದಾಗಿ, ಮಾಡಿನ ಅಂಚು ಗೋಡೆಯಿಂದ ತುಂಬ ಮುಂದೆ ಬಂದು, ನೀರು ಅಂಗಳಕ್ಕೆ ಬೀಳುತ್ತಿತ್ತು. ಸುತ್ತಲೂ ಜಗಲಿ, ಅದರ ಮೇಲೆ ಇಳಿಮಾಡು. ಒಳಗಿನ ಗೋಡೆಗೆ ಎರಚಲು ತಾಗುವುದೇ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದ ಆವೆಮಣ್ಣು ಹಂಚಾಗಿ ಊರೂರಿನ ಮಾಡು ಏರಿತು. ಆದರೂ ಮನೆಯ ಆಕಾರ ಬದಲಾಗಲಿಲ್ಲ. ಹೊರಗಿನ ಸುತ್ತಿಗೆ ದಂಬೆಯೇ ಬೇಕಿರಲಿಲ್ಲ. ದಂಬೆ ಬೇಕಾದದ್ದು ಎರಡು ಮಾಡು ಕೂಡುವ ಒಳಮೂಲೆಗಳಲ್ಲಿ, ನಾಲ್ಕು ಸುತ್ತಿನ ಮನೆಯ ಒಳ‌ಅಂಗಳದ ಅಂಚಿನಲ್ಲಿ. ಅಡಿಕೆಮರವನ್ನು ಸೀಳಿ ತಿರುಳು ತೆಗೆದರೆ ದಂಬೆ. ಎರಡು ಮೂರು ವರ್ಷಕ್ಕೊಮ್ಮೆ ತೋಟದಿಂದಲೇ ಹೊಸತು ಬರುತ್ತಿತ್ತು. ಅದು ಬೇಗ ಹಾಳಾಗುತ್ತದೆಂದು ಎಲ್ಲರಿಗೂ ಗೊತ್ತಿದ್ದುದರಿಂದ ವರ್ಷವರ್ಷ ನೋಡುತ್ತಿದ್ದರು. ತಗಡು ಬಂದ ಮೇಲೆ, ಪಿವಿಸಿ ಬಂದ ಮೇಲೆ ನೋಡುವ ಅಭ್ಯಾಸ ಬಿಟ್ಟುಹೋಯಿತು.

ತೊಂದರೆ ಹೆಚ್ಚಾದದ್ದು ನಾವು ಮನೆಗೆ ಮನೆ ಅಂಟಿಸಿದ ಮೇಲೆ. ಮುಂದೆ ಒಂದು ಸಿಟೌಟು, ಹಿಂದೆ ತಾರಸಿಯ ಬಚ್ಚಲು, ಬದಿಯಲ್ಲಿ ಕಾರಿಗೆ ಶೀಟಿನ ಚಪ್ಪರ. ಹಳೆಯ ಮಾಡಿನ ನೀರು ಬೀಳುತ್ತಿದ್ದ ಜಾಗದಲ್ಲಿ ಈಗ ಗೋಡೆ ಎದ್ದಿದೆ. ಹಂಚಿನ ಮಾಡೂ ತಾರಸಿಯ ಗೋಡೆಯೂ ಕೂಡುವ ಕಡೆ ಸಿಮೆಂಟಿನ ಪಟ್ಟಿ ಎಳೆದು ಬಿಡುತ್ತಾರೆ. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತಾರಸಿ ಅದರ ಜೊತೆ ಅಲುಗುವುದಿಲ್ಲ. ಒಂದೇ ವರ್ಷದಲ್ಲಿ ಆ ಪಟ್ಟಿ ಕೂದಲೆಳೆಯಷ್ಟು ಬಿಡುತ್ತದೆ. ಗಾಳಿಮಳೆಗೆ ಆ ಕೂದಲೆಳೆ ಸಾಕು. ಅಲ್ಲಿ ತಗಡಿನ ಒಂದು ಮಡಿಕೆಯನ್ನು ಗೋಡೆಯ ಗೀರಿನೊಳಗೆ ಸೇರಿಸಿ, ಇನ್ನೊಂದು ಅಂಚು ಹಂಚಿನ ಮೇಲೆ ಸಡಿಲವಾಗಿ ಬೀಳುವಂತೆ ಬಿಡಬೇಕು. ಎರಡೂ ಬೇರೆ ಬೇರೆ ಅಲುಗಿದರೂ ನೀರು ಒಳಗೆ ಬಾರದು.

ಇನ್ನು ದಂಬೆಯ ವಿಷಯ. ಕಸ ತೆಗೆಯುವುದು ಮೊದಲ ಕೆಲಸ, ಅರ್ಧ ರೋಗ ಅದರಲ್ಲೇ ಹೋಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ ತೆಗೆದರೆ ಸಾಲದು. ಮೊದಲ ಗಾಳಿಮಳೆಗೆ ಬೀಳುವ ಎಲೆಯೇ ಜಾಸ್ತಿ, ಆದ್ದರಿಂದ ಜೂನ್ ನಡುವಿನಲ್ಲಿ, ಮಳೆ ಬಿಟ್ಟ ಒಂದು ದಿನ, ಇನ್ನೊಮ್ಮೆ ನೋಡಬೇಕು. ಆಮೇಲೆ ಇಳಿಜಾರು. ಹತ್ತು ಅಡಿ ಉದ್ದಕ್ಕೆ ಅರ್ಧ ಇಂಚಾದರೂ ಇಳಿಯಬೇಕು. ಒಂದು ಚೊಂಬು ನೀರು ಹೊಯ್ದು ನೋಡಿ. ನಡುವೆ ಎಲ್ಲಾದರೂ ನಿಂತರೆ ಆ ಜಾಗದ ಕೊಕ್ಕೆ ಜೋತಿದೆ ಎಂದರ್ಥ. ಕೊಕ್ಕೆಗಳು ಎರಡು ಎರಡೂವರೆ ಅಡಿಗೊಂದು ಇದ್ದರೆ ದಂಬೆ ತುಂಬಿದಾಗಲೂ ಬಾಗುವುದಿಲ್ಲ. ಜೋಡಣೆಯಲ್ಲಿ ಸೋರಿದರೆ ಮೇಲೆ ಮೇಣ ಮೆತ್ತುವುದಕ್ಕಿಂತ ಬಿಚ್ಚಿ, ಒರೆಸಿ, ಒಣಗಿಸಿ, ಹೊಸ ರಬ್ಬರು ಹಾಕಿ ಕೂಡಿಸುವುದೇ ಸರಿ. ತುಕ್ಕು ಹಿಡಿದ ತಗಡಿಗೆ ಡಾಂಬರಿನ ಪಟ್ಟಿ ಅಂಟಿಸಿದರೆ ಒಂದು ಮಳೆಗಾಲ ಹೋದೀತು. ನಮ್ಮ ಮೇಸ್ತ್ರಿಗಳ ಹೆಬ್ಬೆರಳು ಆಚೆ ಹೋದಂಥ ತಗಡಿಗೆ ಯಾವ ಪಟ್ಟಿಯೂ ಆಗದು, ಬದಲಿಸಲೇಬೇಕು. ಒಳಮೂಲೆಯ ತಗಡು ಎರಡೂ ಬದಿಯಲ್ಲಿ ಹಂಚಿನಡಿಗೆ ಒಂದು ಗೇಣಾದರೂ ಹೋಗಿರಲಿ, ಅಂಚನ್ನು ಸ್ವಲ್ಪ ಮೇಲಕ್ಕೆ ಮಡಚಿರಲಿ. ಜೋರು ಮಳೆಗೆ ದಂಬೆಯ ನೀರು ಅಲೆಯೆದ್ದು ಪಕ್ಕಕ್ಕೆ ಹಾರುತ್ತದೆ. ಆ ಮಡಿಕೆ ಇಲ್ಲದಿದ್ದರೆ ನೀರು ನೇರ ಪಕ್ಕಾಸಿನ ಮೇಲೆ.

ಕೆಳಗೆ ಇಳಿದ ನೀರು ಎಲ್ಲಿಗೆ ಹೋಗುತ್ತದೆ? ಎಷ್ಟೋ ಮನೆಗಳಲ್ಲಿ ಒಳ್ಳೆಯ ದಂಬೆ, ಒಳ್ಳೆಯ ಪೈಪು ಹಾಕಿಸಿ, ಪೈಪಿನ ಬಾಯಿಯನ್ನು ಪಂಚಾಂಗದ ಬುಡದಲ್ಲೇ ಬಿಟ್ಟಿರುತ್ತಾರೆ. ಇಡೀ ಮಾಡಿನ ನೀರು ಒಂದೇ ಮೂಲೆಯಲ್ಲಿ ಗುಂಡಿ ತೋಡುತ್ತದೆ. ಅಡಿಪಾಯದ ಮಣ್ಣು ಸಡಿಲವಾಗಿ ಆ ಮೂಲೆ ಸ್ವಲ್ಪವೇ ಕೂತರೂ ಮೇಲಿನ ಗೋಡೆ ಬಾಯಿ ಬಿಡುತ್ತದೆ. ನೀರನ್ನು ಕಲ್ಲು ಹಾಸಿದ ಕಣಿಗೆ ಬಿಡಿ, ಕಣಿಯಿಂದ ತೋಡಿಗೆ, ಇಲ್ಲವೇ ಜಲ್ಲಿ ಮರಳು ತುಂಬಿದ ತೊಟ್ಟಿಯಲ್ಲಿ ಸೋಸಿ ಬಾವಿಗೆ. ಮಳೆನೀರು ಇಂಗಿಸುವ ವಿಷಯದಲ್ಲಿ ಶ್ರೀಪಡ್ರೆಯವರೂ ‘ಅಡಿಕೆ ಪತ್ರಿಕೆ’ಯೂ ನಮ್ಮ ಜಿಲ್ಲೆಯ ಕೃಷಿಕರಿಗೆ ಹೇಳಿದ್ದು ಕಡಿಮೆಯಲ್ಲ. ಜೂನಿನಲ್ಲಿ ಗೋಡೆ ಕೆಡಿಸುವ ನೀರು ಏಪ್ರಿಲಿನಲ್ಲಿ ಬಾವಿಯಲ್ಲಿದ್ದರೆ ಮನೆಗೂ ತೋಟಕ್ಕೂ ಒಳ್ಳೆಯದು.

ದಂಬೆ ಇಲ್ಲದ ಅಂಚಿನಲ್ಲಿ ನೀರು ಅಂಗಳಕ್ಕೆ ಬಿದ್ದು ಸಿಡಿಯುತ್ತದೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಕೆಂಪು ಕಲೆ, ಪಾಚಿ ಕಂಡರೆ ಅದು ಈ ಸಿಡಿತದ್ದು. ನೀರು ಬೀಳುವ ಗೆರೆಯುದ್ದಕ್ಕೂ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಹಾಸಿದರೆ ಸಿಡಿತ ಅಡಗುತ್ತದೆ. ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಮಾತ್ರ ನೀರು ಇಮ್ಮಡಿ ಸಿಡಿಯುತ್ತದೆ. ಇಂಟರ್‌ಲಾಕ್ ಹಾಸಿಸುವವರು ಮಾಡಿನಂಚಿನ ಆ ಪಟ್ಟಿಯನ್ನಾದರೂ ಬಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಈಗ ಗೋಡೆಗೆ ಬರೋಣ. ನಮ್ಮ ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್. 1800ರ ಹೊತ್ತಿಗೆ ಮಲಬಾರು, ಕೆನರಾ ಸುತ್ತಿದ ಅವನು ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಡಿಯುವುದು ನೋಡಿ ಬೆರಗಾದ. ನೆಲದೊಳಗಿರುವಾಗ ಕತ್ತಿಗೆ ಸಿಗುವಷ್ಟು ಮೃದು, ಗಾಳಿಗೆ ಬಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ. ಲ್ಯಾಟಿನಿನಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದಲೇ 1807ರ ಅವನ ಪುಸ್ತಕದಲ್ಲಿ ಆ ಹೆಸರು ಬಂತು. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಈ ಕಲ್ಲಿನ ಮೈತುಂಬ ಇರುವ ಸಣ್ಣ ಸಣ್ಣ ತೂತು. ಅದು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಉಸಿರಿನ ಹಾಗೆ ಬಿಡುತ್ತದೆ. ಮಣ್ಣು, ಸುಣ್ಣ ಎರಡೂ ಅದರ ಜೊತೆಗೇ ಕುಡಿದು ಜೊತೆಗೇ ಒಣಗುವಂಥವು. ಗೋಡೆ ಒಂದು ಕೂದಲಷ್ಟು ಅಲುಗಿದರೆ ಸುಣ್ಣದ ಗಾರೆ ತಾನು ಸ್ವಲ್ಪ ಬಳುಕಿ, ತಾನು ಬಿರಿದು, ಕಲ್ಲನ್ನು ಉಳಿಸುತ್ತದೆ.

ಸಿಮೆಂಟು ಒಳ್ಳೆಯ ವಸ್ತುವೇ. ತಾರಸಿಗೆ, ಕಂಬಕ್ಕೆ, ಹೊಸ ಮನೆಗೆ ಅದು ಬೇಕು. ಆದರೆ ಮಣ್ಣಿನಲ್ಲಿ ಕಟ್ಟಿದ ಮುರಕಲ್ಲಿನ ಸಂದಿನಲ್ಲಿ ಅದು ಕಲ್ಲಿಗಿಂತ ಗಟ್ಟಿಯಾಗಿ ಕೂರುತ್ತದೆ. ಗೋಡೆ ಅಲುಗಿದಾಗ ಬಿರಿಯುವುದು ಆಗ ಕಲ್ಲು. ಒಳಗಿನ ತೇವ ಸಂದಿನಿಂದ ಹೊರಗೆ ಬರಲಾಗದೆ ಕಲ್ಲಿನ ಮುಖದಿಂದಲೇ ಬರುತ್ತದೆ, ಬರುವಾಗ ತನ್ನೊಡನೆ ಉಪ್ಪನ್ನು ತರುತ್ತದೆ. ಆ ಉಪ್ಪು ಒಣಗಿ ಹರಳಾಗುವಾಗ ಕಲ್ಲಿನ ಪದರವನ್ನು ಎಬ್ಬಿಸುತ್ತದೆ. ನಮ್ಮ ಚಾವಡಿಯ ಕೆಂಪು ಪುಡಿಯ ಕತೆ ಅದೇ. ಮೇಲೆ ಪ್ಲಾಸ್ಟಿಕ್ ಬಣ್ಣವನ್ನೂ ಹೊಡೆಸಿದರೆ ಗೋಡೆಗೆ ರೈನ್‌ಕೋಟನ್ನು ಒಳಗೆ ನೀರು ತುಂಬಿಸಿ ತೊಡಿಸಿದಂತೆ.

ನಮ್ಮ ಕಡೆಯ ಸುಣ್ಣ ಚಿಪ್ಪಿನ ಸುಣ್ಣ. ಅಳಿವೆಗಳಲ್ಲಿ ಸಿಗುವ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟರೆ ಸುಟ್ಟ ಸುಣ್ಣ. ನೀರು ಹಾಕಿದಾಗ ಕೊತಕೊತ ಕುದಿದು ಅರಳುತ್ತದೆ. ಆಗ ಮಕ್ಕಳು ಹತ್ತಿರ ಇರಬಾರದು, ನಿಮ್ಮ ಕಣ್ಣಿಗೂ ಏನಾದರೂ ಅಡ್ಡ ಇರಲಿ, ಸಿಡಿದರೆ ಕಣ್ಣೇ ಹೋದೀತು. ಅರಳಿದ ಸುಣ್ಣವನ್ನು ನೀರಿನಡಿಯಲ್ಲಿ ಮುಚ್ಚಿಟ್ಟು ಕೊಳೆಸಿದಷ್ಟೂ ನುಣುಪು. ಹಿಂದೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಸೇರಿಸುತ್ತಿದ್ದರು. ಮಳೆಗೆ ನೇರ ಸಿಕ್ಕುವ ಕಡೆಗೆ ನುಣ್ಣಗಿನ ಇಟ್ಟಿಗೆ ಪುಡಿ ಬೆರೆಸಿದರೆ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. ರೋಮನರು ಜ್ವಾಲಾಮುಖಿಯ ಬೂದಿ ಬೆರೆಸಿ ಪಡೆದದ್ದೂ ಇದೇ ಗುಣ.

ಮೇಸ್ತ್ರಿಗಳು ನಮ್ಮ ಗೋಡೆಗೆ ಮಾಡಿದ್ದನ್ನು ಹೇಳುತ್ತೇನೆ. ದಂಬೆ ಬದಲಿಸಿದ್ದು ಮೇ ತಿಂಗಳಲ್ಲಿ. ಆ ಮಳೆಗಾಲ ಗೋಡೆಯನ್ನು ಹಾಗೆಯೇ ಬಿಟ್ಟರು. ಬಿರುಕಿನ ಎರಡು ತುದಿಯಲ್ಲಿ ಸೀಸದಕಡ್ಡಿಯಿಂದ ಗೆರೆ ಎಳೆದು ತಾರೀಕು ಬರೆಯಲು ನನಗೆ ಹೇಳಿದರು. “ಗೆರೆ ದಾಟಿದರೆ ಅಡಿಪಾಯ ನೋಡುವ, ದಾಟದಿದ್ದರೆ ನೀರಿನದ್ದೇ ಕೆಲಸ” ಎಂದರು. ದಾಟಲಿಲ್ಲ. ದೀಪಾವಳಿ ಕಳೆದು ಗೋಡೆ ಒಣಗಿ, ಜನವರಿಯಲ್ಲಿ ಬಂದು ಹಳೆಯ ಸಿಮೆಂಟನ್ನು ಸಣ್ಣ ಉಳಿಯಿಂದ, ಕಲ್ಲಿಗೆ ಪೆಟ್ಟಾಗದ ಹಾಗೆ ಬಿಡಿಸಿದರು. ಸಂದನ್ನು ಒಂದು ಇಂಚಿನಷ್ಟು ಆಳ ಕೆರೆದು ಧೂಳು ಗುಡಿಸಿದರು. ಹೊಯಿಗೆ ಮೂರು ಪಾಲು, ಸುಣ್ಣ ಒಂದು ಪಾಲು. ನೀರು ಎಷ್ಟು ಎಂದು ಕೇಳಿದ್ದಕ್ಕೆ ಒಂದು ಉಂಡೆ ಕಟ್ಟಿ ನನ್ನ ಅಂಗೈಯಲ್ಲಿಟ್ಟರು. ಉಂಡೆ ನಿಂತಿತ್ತು, ಅಂಗೈ ಹೆಚ್ಚು ಒದ್ದೆಯಾಗಿರಲಿಲ್ಲ. ಸಂದಿಗೆ ನೀರು ಚಿಮುಕಿಸಿ, ಕಲ್ಲು ಅದನ್ನು ಕುಡಿಯುವವರೆಗೆ ಕಾದು, ಸಣ್ಣ ಕರಣೆಯ ತುದಿಯಲ್ಲಿ ಗಾರೆ ಒತ್ತುತ್ತ ಹೋದರು. ಒಂದೇ ಸಲಕ್ಕೆ ತುಂಬಲಿಲ್ಲ, ಒಂದು ಪದರ ಬಿಗಿದ ಮೇಲೆ ಇನ್ನೊಂದು. ಒದ್ದೆ ಗೋಣಿ ಇಳಿಬಿಟ್ಟು, ವಾರವಿಡೀ ಬೆಳಿಗ್ಗೆ ಸಂಜೆ ನೀರು ಚಿಮುಕಿಸುವ ಕೆಲಸ ನನಗೆ ಕೊಟ್ಟರು.

ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ಎಳೆದುಕೊಂಡು, ನಿಧಾನವಾಗಿ. ವಾರವಲ್ಲ, ತಿಂಗಳುಗಳೇ ಬೇಕು. ಆದ್ದರಿಂದ ಗೋಡೆಯ ಕೆಲಸವನ್ನು ಪತ್ತನಾಜೆಯ ಬಾಗಿಲಿಗೆ ತಂದು ಇಡಬಾರದು. ಈಗ ಕೇಳುತ್ತಿರುವವರು ಈ ನಾಲ್ಕೈದು ವಾರದಲ್ಲಿ ಮಾಡು, ದಂಬೆ, ಕಣಿ ಸರಿಮಾಡಿಕೊಳ್ಳಿ. ಗೋಡೆಯ ಗಾರೆ ಬರುವ ಡಿಸೆಂಬರ್, ಜನವರಿಗೆ ಇರಲಿ. ನಡುವೆ ಪಡು ಬದಿಯ ಗೋಡೆಗೆ ಮಡಲಿನ ತಟ್ಟಿ ಕಟ್ಟಿ. ಈಗ ಟಾರ್ಪಾಲು ಕಟ್ಟುತ್ತಾರೆ, ಅಡ್ಡಿಯಿಲ್ಲ, ಆದರೆ ಗೋಡೆಗೆ ಅಂಟಿಸಬೇಡಿ. ನಡುವೆ ಒಂದು ಮೊಳ ಗಾಳಿ ಆಡಲಿ.

ಎಲ್ಲ ಬಿರುಕೂ ನೀರಿನದ್ದಲ್ಲ, ಮನೆಯಲ್ಲೇ ಸರಿಮಾಡುವಂಥದ್ದೂ ಅಲ್ಲ. ಸಾರಣೆಯ ಮೇಲಿನ ಜೇಡರ ಬಲೆಯಂಥ ಗೀರುಗಳಿಗೆ ಹೆದರಬೇಕಾಗಿಲ್ಲ. ಆದರೆ ಗೋಡೆ ಹೊಟ್ಟೆ ಬಿಟ್ಟಿದ್ದರೆ, ಬಿರುಕು ಮೇಲೆ ಅಗಲ ಕೆಳಗೆ ಸಪುರವಾಗಿ ಒಂದು ಮೂಲೆಯೇ ಬೇರೆಯಾಗುತ್ತಿದ್ದರೆ, ನೀವು ಎಳೆದ ಗೆರೆಯನ್ನು ಅದು ದಾಟುತ್ತಿದ್ದರೆ ತಿಳಿದ ಇಂಜಿನಿಯರರಿಗೆ ತೋರಿಸಿ. ಬಂಟ್ವಾಳ, ಪಾಣೆಮಂಗಳೂರಿನ ಹೊಳೆ ಬದಿಯವರು 1923ರ, 1974ರ ನೆರೆಯ ಮಾತನ್ನು ಹಿರಿಯರಿಂದ ಕೇಳಿಯೇ ಇರುತ್ತೀರಿ. ನೆರೆ ಹೊಕ್ಕ ಮಣ್ಣಿನ ಗೋಡೆ ನೀರು ಇಳಿಯುವಾಗ ಕುಸಿಯುತ್ತದೆ, ನಿಂತಿದೆಯೆಂದು ಕೂಡಲೇ ಒಳಗೆ ಮಲಗಬಾರದು. ಘಟ್ಟದ ಬುಡದವರಿಗೆ ಇನ್ನೂ ಒಂದು ಮಾತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಸುತ್ತಿನ ಗುಡ್ಡ ಜರಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮನೆಯ ಹಿಂದಿನ ಗುಡ್ಡದಲ್ಲೇ, ನೆಲದಲ್ಲೇ ಬಿರುಕು ಕಂಡರೆ, ಇದ್ದಕ್ಕಿದ್ದಂತೆ ಕೆಸರುನೀರಿನ ಒರತೆ ಎದ್ದರೆ ಮನೆಯ ಚಿಂತೆ ಬಿಟ್ಟು ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಹೊರಡಿ.

ಮಾಡಿನ ಬಗ್ಗೆ ಇನ್ನೆರಡು ಮಾತು. ಬೆಳ್ತಂಗಡಿ ಕಡೆ ಈಗ ಮಂಗಗಳ ಕಾಟ, ನವಿಲಿನ ಕಾಟ. ಒಂದು ಹಂಚು ಎರಡು ಬೆರಳು ಜಾರಿದರೂ ಸಾಕು, ರೀಪು ಒದ್ದೆಯಾಗುತ್ತದೆ, ಒದ್ದೆ ಮರಕ್ಕೆ ಒರಲೆ ಬರುತ್ತದೆ. ಬಿಸಿಲಿರುವ ಹಗಲು ಅಟ್ಟ ಹತ್ತಿ ಬೆಳಕಿನ ಚುಕ್ಕೆಗಳನ್ನು ಎಣಿಸಿ, ಎಲ್ಲಿ ಚುಕ್ಕೆಯೋ ಅಲ್ಲಿ ನೀರು. ಬದಲಿ ಹಂಚು ತರುವಾಗ ಮನೆಯ ಒಂದು ಹಂಚನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ನೋಡಲು ಒಂದೇ ಆದರೂ ಕಾರ್ಖಾನೆಯಿಂದ ಕಾರ್ಖಾನೆಗೆ ಹಂಚಿನ ಹಲ್ಲು ಬೇರೆ, ಗೀರು ಬೇರೆ. ಬೇರೆ ಕಾರ್ಖಾನೆಯ ಹಂಚು ಸರಿಯಾಗಿ ಕಚ್ಚುವುದಿಲ್ಲ, ಆ ಸಂದಿನಲ್ಲೇ ಸೋರುತ್ತದೆ. ಹಂಚನ್ನು ತಿರುಗಿಸಿದರೆ ಅಡಿಯಲ್ಲಿ ಹೆಸರು ಒತ್ತಿರುತ್ತಾರೆ. ನಮ್ಮ ಮಾಡಿನಲ್ಲಿ ಬಾಸೆಲ್ ಮಿಷನ್ನಿನವೂ ಇವೆ, 1865 ಎಂಬ ಅಂಕೆ ಇನ್ನೂ ಬೆರಳಿಗೆ ತಾಗುತ್ತದೆ. ಹಳೆಯ ಮನೆ ಬಿಚ್ಚುವ ಕಡೆ ಇಂಥವು ಸಿಕ್ಕಿದರೆ ಐವತ್ತೋ ನೂರೋ ತಂದು ಕೊಟ್ಟಿಗೆಯ ಮೂಲೆಯಲ್ಲಿ ನೆಟ್ಟಗೆ ಜೋಡಿಸಿಡಿ. ಮೇಲಿನ ಮೂಲೆಹಂಚುಗಳ ಕೆಳಗಿನ ಗಾರೆಯನ್ನೂ ನೋಡಿಸಿ, ಅದು ಬಿರಿದರೆ ಗಾಳಿಮಳೆ ನೇರ ನಡುಮನೆಗೆ. ಹತ್ತುವವರು ಒಬ್ಬರೇ ಹತ್ತಬಾರದು, ಪಾಚಿ ಹಿಡಿದ ಹಂಚಿನ ಮೇಲೆ ಮಳೆ ಬಿದ್ದ ದಿನ ಯಾರನ್ನೂ ಹತ್ತಿಸಬಾರದು.

ಕೆಲವರು ಹಂಚಿನ ಮೇಲೆಯೇ ಶೀಟಿನ ಇನ್ನೊಂದು ಮಾಡು ಎಬ್ಬಿಸುತ್ತಾರೆ. ಹಂಚಿನ ಕೆಲಸದವರು ಸಿಗದ ಈ ಕಾಲದಲ್ಲಿ ಅವರನ್ನು ತಪ್ಪು ಎನ್ನಲಾರೆ. ಆದರೆ ಅಷ್ಟು ದೊಡ್ಡ ಶೀಟಿನ ನೀರು ಹಂಚಿನ ಮಾಡಿನ ನೀರಿಗಿಂತ ರಭಸವಾಗಿ ಬರುತ್ತದೆ. ಅದಕ್ಕೆ ತಕ್ಕ ಅಗಲದ ದಂಬೆ, ಎರಡು ಕಡೆ ಇಳಿಪೈಪು ಇಲ್ಲದಿದ್ದರೆ ಹಳೆಯ ಗೋಡೆಗೆ ಹೊಸ ಕಷ್ಟ.

ಮೂಡುಬಿದಿರೆಯವರಿಗೆ ನಾನು ಹೇಳಿಕೊಡಬೇಕಾದದ್ದು ಕಡಿಮೆ. ನಿಮ್ಮ ಪೇಟೆಯ ಹದಿನೆಂಟು ಬಸದಿಗಳೇ ಪಾಠಶಾಲೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮುಂದೆ ಮಳೆ ಬರುವಾಗ ಒಮ್ಮೆ ನಿಂತು ನೋಡಿ. ಕಲ್ಲಿನ ಕೆಲಸದವರು ಮರದ ಮಾಡಿನ ಬುದ್ಧಿಯನ್ನೇ ಕಲ್ಲಿಗೂ ಕೊಟ್ಟಿದ್ದಾರೆ. ಕಲ್ಲಿನ ಚಪ್ಪಡಿಗಳೇ ಇಳಿಜಾರಾಗಿ ಮುಂದಕ್ಕೆ ಚಾಚಿವೆ, ಮೇಲಿನ ಅಂತಸ್ತಿನದ್ದು ಮರದ ಮಾಡು, ಅದಕ್ಕೆ ತಾಮ್ರದ ಹೊದಿಕೆ. ಭಟ್ಕಳದ ಹಳೆಯ ಗುಡಿಗಳಲ್ಲಿ ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದಕ್ಕೆ ಇನ್ನೊಂದು ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಸಂದಿಗೆ ಗಾರೆ ತುಂಬಿ ನೀರನ್ನು ತಡೆಯುವ ಹಟ ಅಲ್ಲಿಲ್ಲ, ನೀರು ಸಂದಿನ ಹತ್ತಿರ ಬಾರದಂತೆ ಮಾಡಿದ ಏರ್ಪಾಡು. ಮೂಡುಬಿದಿರೆಯ ಗುರುಬಸದಿಯಲ್ಲಿ ಧವಳ, ಜಯಧವಳ, ಮಹಾಧವಳ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಶತಮಾನಗಟ್ಟಲೆ ಉಳಿದು ಬಂದವು. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆಯೂ ಒಣಗದ ಈ ಊರಿನಲ್ಲಿ ತಾಳೆಗರಿ ಉಳಿದದ್ದು ಓದಿದವರ ಭಕ್ತಿಯಿಂದ, ನಕಲು ಮಾಡಿದವರ ಶ್ರಮದಿಂದ. ಮೇಲೆ ಮಾಡು ನೋಡಿಕೊಂಡ ಹೆಸರಿಲ್ಲದ ಕೆಲಸಗಾರರನ್ನೂ ನಾನು ಆ ಸಾಲಿನಲ್ಲೇ ನೆನೆಯುತ್ತೇನೆ.

ನಮ್ಮ ಮೇಸ್ತ್ರಿಗಳು ಈಗ ಏಣಿ ಹತ್ತುವುದಿಲ್ಲ. ಕಳೆದ ವರ್ಷ ಮೊದಲ ಮಳೆ ಬಂದ ಸಂಜೆ ನಾನು ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬಂದೆ. ಇದೂ ಅವರೇ ಹೇಳಿಕೊಟ್ಟದ್ದು, ಮಳೆ ಬರುವಾಗ ನೋಡದೆ ಮನೆಯ ತೊಂದರೆ ಗೊತ್ತಾಗುವುದಿಲ್ಲ ಎಂದು. ಒಳಮೂಲೆಯ ದಂಬೆಯಿಂದ ನೀರು ತೊಡೆಯಷ್ಟು ದಪ್ಪಕ್ಕೆ ಕಣಿಗೆ ಬೀಳುತ್ತಿತ್ತು. ಒಳಗೆ ಬಂದು ಪಡುಗೋಡೆಗೆ ಅಂಗೈ ಒತ್ತಿದೆ. ಒಣಗಿತ್ತು. ಸೀಸದಕಡ್ಡಿಯ ಗೆರೆ, ತಾರೀಕು ಇನ್ನೂ ಅಲ್ಲೇ ಇವೆ, ಅದರ ಮೇಲೆ ಸುಣ್ಣ ಬಳಿಯಲು ನನಗೆ ಮನಸ್ಸಾಗಿಲ್ಲ. ಅಡುಗೆಮನೆಯ ಒಲೆಯ ಮೇಲ್ಗಡೆ ಮಾತ್ರ ಒಂದು ಕಡೆ ತೊಟ್ಟಿಕ್ಕುತ್ತದೆ, ಎಲ್ಲಿಂದ ಎಂದು ಮೂರು ಮಳೆಗಾಲದಿಂದ ಹುಡುಕುತ್ತಿದ್ದೇನೆ. ಬರುವ ಭಾನುವಾರ ಮೇಸ್ತ್ರಿಗಳ ಮಗ ಬರುತ್ತೇನೆ ಎಂದಿದ್ದಾನೆ. ಏಣಿ ತೊಳೆದು ಅಂಗಳದಲ್ಲಿ ಒಣಗಲು ಇಟ್ಟಿದ್ದೇನೆ.